ಪಿಂಗ್

ಪಿಂಗ್: ಲೋಹಕ್ಕೋ ಗಾಜಿಗೋ ಚಿಕ್ಕದೊಂದು ಗಟ್ಟಿ ವಸ್ತು ಬಡಿದಾಗ ಥಟ್ಟನೆ ಎದ್ದು, ಸಣ್ಣಗೆ ಅನುರಣಿಸಿ ಅಡಗುವ ಸದ್ದನ್ನು ಅನುಕರಿಸಿ ಇಂಗ್ಲಿಷಿನಲ್ಲಿ ಹುಟ್ಟಿದ ಪದ. ನಾಮಪದವಾಗಿಯೂ ಕ್ರಿಯಾಪದವಾಗಿಯೂ ನಡೆಯುತ್ತದೆ. ಬರಹದಲ್ಲಿ 1835ರಿಂದ ಕಾಣಸಿಗುವ ಈ ಪದಕ್ಕೆ ಮೊದಲಿದ್ದ ಅರ್ಥ, ಬಂದೂಕಿನ ಗುಂಡು ಏನಕ್ಕಾದರೂ ತಾಗಿದಾಗಿನ ಸದ್ದು. ಕ್ರಿಯಾಪದವಾಗಿ ಬಳಕೆ ಸಿಗುವುದು 1855ರ ಹೊತ್ತಿಗೆ. ಆಮೇಲೆ ಅದು ಊಟದ ಮೇಜಿನ ಆಟಕ್ಕೆ ಹೆಸರಾಯಿತು, ಜಲಾಂತರ್ಗಾಮಿಗಳ ಬೇಟೆಗೆ ಇಳಿಯಿತು, ಗಾಲ್ಫ್ ಕೋಲಿನ ಮೇಲೆ ಅಚ್ಚಾಯಿತು, ಕಂಪ್ಯೂಟರ್ ಜಾಲಗಳ ಆಜ್ಞೆಯಾಯಿತು. ಇಂದು ಬೆಂಗಳೂರಿನ ಕಚೇರಿಯಲ್ಲಿ ಕೂತು "ಊಟ ಆದ್ಮೇಲೆ ಪಿಂಗ್ ಮಾಡ್ತೀನಿ" ಎನ್ನುವವರ ಮನಸ್ಸಿನಲ್ಲಿ ಗುಂಡೂ ಇಲ್ಲ, ಸಮುದ್ರವೂ ಇಲ್ಲ.

ಅನುಕರಣ ಪದಗಳು ಸಾಮಾನ್ಯವಾಗಿ ಹುಟ್ಟೂರು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಚಟಚಟ ಇವತ್ತಿಗೂ ಬೆಂಕಿಯ ಹತ್ತಿರವೇ ಇದೆ, ಗುಳುಗುಳು ನೀರಿನ ಹತ್ತಿರವೇ ಇದೆ. ಪಿಂಗ್ ಮಾತ್ರ ಸದ್ದಿನಿಂದ ಹೊರಟು, ದಾರಿಯಲ್ಲಿ ಸದ್ದನ್ನೇ ಕಳೆದುಕೊಂಡು, "ಇದ್ದೀಯಾ?" ಎಂಬ ಪ್ರಶ್ನೆಯಾಗಿ ನಿಂತಿದೆ. ಈ ಪದವನ್ನು ಗಮನಿಸಬೇಕಾದದ್ದು ಅದಕ್ಕೇ.

ಉಚ್ಚಾರಣೆಯಲ್ಲಿರುವ ಚಿತ್ರ

ಮೂರೇ ಧ್ವನಿಗಳ ಪದ ಇದು. ಮುಚ್ಚಿದ ತುಟಿ ಫಕ್ಕನೆ ತೆರೆದಾಗ ಪ-ಕಾರ. ಅದು ಪೆಟ್ಟು ಬೀಳುವ ಗಳಿಗೆ. ನಾಲಿಗೆ ಮೇಲೆದ್ದು ಮುಂದೆ ಬಂದಾಗ ಇ-ಕಾರ; ಸ್ವರಗಳಲ್ಲೆಲ್ಲ ತೀರ ಸಣ್ಣಗೆ, ಎತ್ತರದಲ್ಲಿ ಕೇಳುವಂಥದ್ದು. ಕೊನೆಗೆ ಮೂಗಿನಲ್ಲಿ ಮೊಳಗಿ ನಿಧಾನ ಕರಗುವ ಅನುನಾಸಿಕ. ಪೆಟ್ಟು, ಎತ್ತರದ ಸ್ಥಾಯಿ, ಅನುರಣನ: ಹಿತ್ತಾಳೆಯ ತಟ್ಟೆಗೆ ಕಾಸು ಬಿದ್ದಾಗ ಆಗುವುದೂ ಇದೇ ಕ್ರಮದಲ್ಲಿ. ಇಂಗ್ಲಿಷಿನ ರಿಂಗ್, ಡಿಂಗ್, ಟಿಂಗ್, ಕ್ಲ್ಯಾಂಗ್, ಬ್ಯಾಂಗ್ ಎಲ್ಲವೂ ಇದೇ ಬಾಲ ಹೊತ್ತ ಬಳಗ. ಸ್ವರ ಬದಲಾದರೆ ವಸ್ತುವಿನ ಗಾತ್ರವೂ ಬದಲಾಗುತ್ತದೆ: ಪಿಂಗ್ ಎಂದರೆ ಚಿಕ್ಕದು, ಬ್ಯಾಂಗ್ ಎಂದರೆ ದೊಡ್ಡದು.

ಕನ್ನಡದ ಕಿವಿಗೂ ಈ ಲೆಕ್ಕ ಹೊಸದಲ್ಲ. ಕಾಲ್ಗೆಜ್ಜೆ ಕಿಣಿಕಿಣಿ ಎನ್ನುತ್ತದೆ, ದೇವಸ್ಥಾನದ ಗಂಟೆ ಢಣಢಣ ಎನ್ನುತ್ತದೆ; ಅದಲುಬದಲು ಮಾಡಿದರೆ ನಗು ಬರುತ್ತದೆ. ವ್ಯತ್ಯಾಸ ಇರುವುದು ಕೊನೆಯ ಅಕ್ಷರದಲ್ಲಿ. ಇಂಗ್ಲಿಷಿನ ಪಿಂಗ್ ಪೂರ್ತಿ ಮೂಗಿನಲ್ಲೇ ಮುಗಿಯುತ್ತದೆ. ಹಾಗೆ ಙ-ಕಾರದಲ್ಲಿ ಮುಗಿಯುವ ಪದ ನಮ್ಮಲ್ಲಿ ಇಲ್ಲದ್ದರಿಂದ ನಾವು ಅದಕ್ಕೊಂದು ಗ-ಕಾರದ ಊರುಗೋಲು ಕೊಟ್ಟು ನಿಲ್ಲಿಸುತ್ತೇವೆ. ಕನ್ನಡದ ಸ್ವಂತ ಲೋಹದ ಸದ್ದುಗಳು ಮೂರ್ಧನ್ಯವನ್ನು ನೆಚ್ಚಿಕೊಂಡವು: ಠಣ್, ಟಣ್, ಝಣ್.

ನೋಡಲು ಇದರಂತೆಯೇ ಇರುವ, ಇದಕ್ಕೆ ಸಂಬಂಧವಿಲ್ಲದ ಇನ್ನೊಂದು ಪಿಂಗ್ ಇಂಗ್ಲಿಷಿನಲ್ಲೇ ಇತ್ತು. ಚುಚ್ಚು, ತಿವಿ ಎಂಬ ಅರ್ಥದ ಆ ಹಳೆಯ ಕ್ರಿಯಾಪದದ ಬೇರು ಲ್ಯಾಟಿನ್‌ನಲ್ಲಿದೆ. ಚೀನೀ ಭಾಷೆಯಲ್ಲಿ ಸಮತಟ್ಟು, ಶಾಂತಿ ಎಂಬ ಅರ್ಥಗಳಿರುವ ಪಿಂಗ್ ಕೂಡ ಬೇರೆಯದೇ. ಯಾಂಗ್‌ತ್ಸೆ ನದಿಯ ಬಾತುಕೋಳಿಮರಿಯ ಬಗ್ಗೆ 1933ರಲ್ಲಿ ಬಂದ ಮಾರ್ಜರಿ ಫ್ಲ್ಯಾಕ್ ಅವರ ಮಕ್ಕಳ ಪುಸ್ತಕದ ನಾಯಕನ ಹೆಸರೂ ಪಿಂಗ್. ಕಂಪ್ಯೂಟರಿನವರು ಆ ಪುಸ್ತಕವನ್ನು ಹಿಡಿದು ಬಹಳ ತಮಾಷೆ ಮಾಡಿದ್ದಾರೆ.

ಮೇಜಿನ ಮೇಲೆ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಉಳ್ಳವರ ಮನೆಗಳಲ್ಲಿ ಊಟದ ಮೇಜನ್ನೇ ಟೆನಿಸ್ ಅಂಗಳ ಮಾಡಿಕೊಂಡು ಆಡುವ ಹುಚ್ಚು ಹತ್ತಿತು. ಆಟದ ಸಾಮಾನು ತಯಾರಿಸುವ ಜಾಕ್ಸ್ ಕಂಪನಿ 1891ರಲ್ಲಿ ಗಾಸಿಮಾ ಎಂಬ ಹೆಸರಿನಲ್ಲಿ ಅದನ್ನು ಮಾರಾಟಕ್ಕಿಟ್ಟಿತು, ಓಡಲಿಲ್ಲ. ರಬ್ಬರ್ ಚೆಂಡು ಎಲ್ಲೆಂದರಲ್ಲಿ ಪುಟಿಯುತ್ತಿತ್ತು, ಕಾರ್ಕಿನದ್ದು ಪುಟಿಯುತ್ತಲೇ ಇರಲಿಲ್ಲ. 1900ರ ಸುಮಾರಿಗೆ ಅಮೆರಿಕದಿಂದ ಟೊಳ್ಳು ಸೆಲ್ಯುಲಾಯ್ಡ್ ಚೆಂಡು ಬಂತು. ಆಗಿನ ಬ್ಯಾಟು ಇಂದಿನ ಹಲಗೆಯಲ್ಲ: ಉದ್ದ ಹಿಡಿ, ಚೌಕಟ್ಟಿಗೆ ಬಿಗಿದ ತೊಗಲು, ಹೆಚ್ಚುಕಡಿಮೆ ಪುಟ್ಟ ತಮಟೆ. ಆ ತೊಗಲಿಗೆ ಟೊಳ್ಳು ಚೆಂಡು ತಾಗಿದಾಗಿನ ಸದ್ದೇ ಪಿಂಗ್-ಪಾಂಗ್ ಎಂಬ ಹೆಸರಾಯಿತು. ಆಟ ಕಾಳ್ಗಿಚ್ಚಿನಂತೆ ಹಬ್ಬಿತು. ಮೊದಲು ಪಿಂಗ್, ಆಮೇಲೆ ಪಾಂಗ್ ಎಂಬ ಕ್ರಮವೂ ಆಕಸ್ಮಿಕವಲ್ಲ. ಟಿಕ್-ಟಾಕ್, ಡಿಂಗ್-ಡಾಂಗ್, ಜಿಗ್-ಜ್ಯಾಗ್‌ಗಳಲ್ಲೂ ಇ-ಕಾರವೇ ಮುಂದೆ. ಪಾಂಗ್-ಪಿಂಗ್ ಎಂದು ಯಾವ ಇಂಗ್ಲಿಷ್ ನಾಲಿಗೆಯೂ ಹೊರಳುವುದಿಲ್ಲ.

ಸ್ವಲ್ಪ ಕಾಲದಲ್ಲೇ ತೊಗಲು ಹೋಯಿತು, ಮರದ ಹಲಗೆ ಬಂತು, ಅದರ ಮೇಲೆ ರಬ್ಬರ್ ಅಂಟಿತು. ಹೆಸರಿಗೆ ಕಾರಣವಾದ ಸದ್ದು ಆಟದಿಂದ ಮಾಯವಾಯಿತು. ಹೆಸರು ಉಳಿಯಿತು, ಆದರೆ ಅದು ಕಂಪನಿಯ ನೋಂದಾಯಿತ ವ್ಯಾಪಾರಮುದ್ರೆ. ಕ್ರೀಡಾಸಂಸ್ಥೆಗಳು ಟೇಬಲ್ ಟೆನಿಸ್ ಎಂಬ ಸಪ್ಪೆ ಹೆಸರನ್ನು ಅಪ್ಪಿಕೊಳ್ಳಬೇಕಾಯಿತು. 1926ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಒಕ್ಕೂಟದ ಹೆಸರಿನಲ್ಲಿರುವುದೂ ಅದೇ. ಚೀನೀಯರಿಗೆ ಈ ತಕರಾರು ತಟ್ಟಲಿಲ್ಲ. ಅವರು ಪಿಂಗ್‌ಪಾಂಗನ್ನು ಎರಡು ಅಕ್ಷರಗಳಲ್ಲಿ ಬರೆಯುತ್ತಾರೆ. ಸೈನಿಕ ಎಂಬ ಅರ್ಥದ ಅಕ್ಷರಕ್ಕೆ ಕೆಳಗೆ ಎರಡು ಕಾಲುಗಳಿವೆ. ಪಿಂಗ್‌ಗೆ ಒಂದು ಕಾಲಿಲ್ಲ, ಪಾಂಗ್‌ಗೆ ಇನ್ನೊಂದು ಕಾಲಿಲ್ಲ. ಅಕ್ಕಪಕ್ಕ ಇಟ್ಟರೆ ಮೇಜಿನ ಎರಡು ಬದಿಯಲ್ಲಿ ಒಂಟಿಕಾಲಲ್ಲಿ ನಿಂತ ಇಬ್ಬರು ಆಟಗಾರರಂತೆ ಕಾಣುತ್ತವೆ. 1971ರ ಏಪ್ರಿಲ್‌ನಲ್ಲಿ ಜಪಾನಿನ ನಗೋಯಾದ ವಿಶ್ವ ಪಂದ್ಯಾವಳಿಯಿಂದ ಅಮೆರಿಕದ ತಂಡ ನೇರ ಚೀನಾಕ್ಕೆ ಹೋಯಿತು; ಮರುವರ್ಷ ಫೆಬ್ರುವರಿಯಲ್ಲಿ ಅಧ್ಯಕ್ಷ ನಿಕ್ಸನ್ ಹೋದರು. ಆ ಬೆಳವಣಿಗೆಗೆ ಪತ್ರಿಕೆಗಳು ಪಿಂಗ್‌ಪಾಂಗ್ ರಾಜತಂತ್ರ ಎಂದವು. ಅದೇ 1972ರಲ್ಲಿ ಅಟಾರಿ ಕಂಪನಿ ಹೊರತಂದ ವಿಡಿಯೋ ಆಟ ಹೆಸರಿನ ಉಳಿದರ್ಧವನ್ನು ಎತ್ತಿಕೊಂಡು ಪಾಂಗ್ ಆಯಿತು.

ನೀರಿನೊಳಗೆ

ಪದದ ಹಣೆಬರಹ ಬದಲಾದದ್ದು ಸಮುದ್ರದಲ್ಲಿ. 1912ರಲ್ಲಿ ಟೈಟಾನಿಕ್ ಹಿಮಗಡ್ಡೆಗೆ ಬಡಿದು ಮುಳುಗಿದ ಮೇಲೆ, ಕಾಣದ್ದನ್ನು ಸದ್ದಿನಿಂದ ಪತ್ತೆ ಮಾಡುವ ಆಸೆ ಹಲವರಿಗೆ ಹುಟ್ಟಿತು. ಕೆನಡಾ ಮೂಲದ ರೆಜಿನಾಲ್ಡ್ ಫೆಸ್ಸೆಂಡೆನ್ ಅವರ ಯಂತ್ರ 1914ರಲ್ಲಿ ಉತ್ತರ ಅಟ್ಲಾಂಟಿಕ್‌ನಲ್ಲಿ ಸುಮಾರು 2 ಮೈಲಿ ದೂರದ ಹಿಮಗಡ್ಡೆಯ ಮಾರ್ದನಿ ಹಿಡಿಯಿತು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಫ್ರಾನ್ಸಿನ ಪಾಲ್ ಲಾಂಜವಾ ಸ್ಫಟಿಕ ಶಿಲೆಯ ಹರಳುಗಳಿಗೆ ವಿದ್ಯುತ್ ಹಾಯಿಸಿ, ನೀರಿನಲ್ಲಿ ಶ್ರವಣಾತೀತ ತರಂಗ ಎಬ್ಬಿಸುವ ದಾರಿ ತೋರಿಸಿದರು. ಬ್ರಿಟಿಷ್ ನೌಕಾಪಡೆ ಈ ಉಪಕರಣವನ್ನು ಆಸ್ಡಿಕ್ ಎಂದು ಕರೆಯಿತು. ಅಮೆರಿಕನ್ನರು ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ಎಂಬುದರ ಪ್ರಾಸಕ್ಕೆ ಸೋನಾರ್ ಎಂದರು.

ಕೆಲಸ ಸರಳ. ಹಡಗಿನ ತಳದಿಂದ ಸದ್ದಿನ ಒಂದು ಚಿಕ್ಕ ತುಣುಕು ಹೊರಡುತ್ತದೆ, ಏನಕ್ಕಾದರೂ ತಾಗಿ ಮರಳುತ್ತದೆ. ಸಮುದ್ರದ ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್, ಅಂದರೆ ಗಾಳಿಯಲ್ಲಿ ಇರುವುದರ ನಾಲ್ಕು ಪಟ್ಟಿಗೂ ಹೆಚ್ಚು. ಹೋದದ್ದು 2 ಸೆಕೆಂಡಿಗೆ ಮರಳಿದರೆ ಅಡ್ಡ ಸಿಕ್ಕಿದ್ದು 1,500 ಮೀಟರ್ ದೂರದಲ್ಲಿದೆ. ಮರಳಿದ ಸದ್ದಿನ ಸ್ಥಾಯಿ ಏರಿದ್ದರೆ ಶತ್ರು ಹತ್ತಿರ ಬರುತ್ತಿದ್ದಾನೆ, ಇಳಿದಿದ್ದರೆ ದೂರ ಸರಿಯುತ್ತಿದ್ದಾನೆ. ಕಿವಿಗೆ ಹೆಡ್‌ಫೋನ್ ಹಾಕಿ ಗಂಟೆಗಟ್ಟಲೆ ಕೂತ ನಾವಿಕ ಈ ಅರ್ಧ ಸ್ವರದ ಏರಿಳಿತವನ್ನು ಹಿಡಿಯಬೇಕಿತ್ತು. ಆತ ಕೇಳುತ್ತಿದ್ದದ್ದು ನೀರಿನೊಳಗಿನ ಅಸಲಿ ಸದ್ದಲ್ಲ. ಬಹಳ ಎತ್ತರದ ಆ ಕಂಪನಗಳನ್ನು ಯಂತ್ರ ಮನುಷ್ಯರ ಕಿವಿಗೆ ಹಿತವಾಗುವ ಮಟ್ಟಕ್ಕೆ ಇಳಿಸಿ ಕೊಡುತ್ತಿತ್ತು. ನೌಕಾಪಡೆ ಅದಕ್ಕೆ ಇಟ್ಟ ಹೆಸರು ಪಿಂಗ್. ಈ ಅರ್ಥ ಬರಹದಲ್ಲಿ ಸಿಗುವುದು 1943ರಿಂದ. ಅಂದರೆ ಸಮುದ್ರದ ಪಿಂಗ್ ಭಾಗಶಃ ವಿದ್ಯುತ್ ಮಂಡಲದ ಸೃಷ್ಟಿ.

ಅಟ್ಲಾಂಟಿಕ್‌ನ ಬೆಂಗಾವಲು ಹಡಗುಗಳಿಗೆ ಇದರ ಮಿತಿಯೂ ಚೆನ್ನಾಗಿ ಗೊತ್ತಿತ್ತು. ಜರ್ಮನ್ ಜಲಾಂತರ್ಗಾಮಿಗಳು ರಾತ್ರಿ ನೀರಿನ ಮೇಲೆ ತೇಲಿ ಬಂದು ದಾಳಿ ಮಾಡಿದರೆ ಆಸ್ಡಿಕ್ ಹೆಚ್ಚುಕಡಿಮೆ ಕಿವುಡು. ಆಳಕ್ಕಿಳಿದವನ ನೆತ್ತಿಯ ಮೇಲೆ ಬೇಟೆಯ ಹಡಗು ಬಂದಾಗ, ಮುಂದಕ್ಕೆ ಚಾಚಿದ ಸದ್ದಿನ ಕೋಲು ಅವನನ್ನು ದಾಟಿ ಹೋಗುತ್ತಿತ್ತು. ಬಾಂಬು ಹಾಕಬೇಕಾದ ಗಳಿಗೆಯಲ್ಲೇ ಮಾರ್ದನಿ ನಿಂತುಹೋಗುತ್ತಿತ್ತು. ಹೆಡ್ಜ್‌ಹಾಗ್ ಎಂಬ, ಸ್ಫೋಟಕಗಳನ್ನು ಮುಂದಕ್ಕೆ ಎಸೆಯುವ ಆಯುಧ ಬಂದದ್ದು ಇದಕ್ಕಾಗಿ.

ಇನ್ನೂ ಒಂದು ತೊಡಕಿತ್ತು. ಮಾರ್ದನಿ ಹೋಗಿ ಬರುವಷ್ಟರಲ್ಲಿ ಸೊರಗುತ್ತದೆ. ಮೂಲ ಸದ್ದು ಒಂದೇ ಕಡೆಯ ಪ್ರಯಾಣ ಮಾಡುತ್ತದೆ. ಹಾಗಾಗಿ ಹುಡುಕುವವನಿಗೆ ಗುರಿ ಗೊತ್ತಾಗುವ ಬಹಳ ಮೊದಲೇ ಗುರಿಗೆ ಹುಡುಕುವವನು ಗೊತ್ತಾಗುತ್ತಾನೆ. ಕೇಳಿದವನೇ ಮೊದಲು ಸಿಕ್ಕಿಬೀಳುವ ಪ್ರಶ್ನೆ ಇದು. ಜಲಾಂತರ್ಗಾಮಿಗಳು ಇಂದಿಗೂ ಆದಷ್ಟು ಬಾಯಿ ಮುಚ್ಚಿ ಕಿವಿ ಮಾತ್ರ ತೆರೆದಿರುತ್ತವೆ. ಟಾಮ್ ಕ್ಲಾನ್ಸಿ ಅವರ ಕಾದಂಬರಿ ಆಧರಿಸಿದ 1990ರ ದಿ ಹಂಟ್ ಫಾರ್ ರೆಡ್ ಅಕ್ಟೋಬರ್ ಸಿನಿಮಾದಲ್ಲಿ ನಾಯಕ ಒಂದೇ ಒಂದು ಪಿಂಗ್ ಕಳಿಸಲು ಹೇಳುವ ದೃಶ್ಯಕ್ಕೆ ಬಿಗುವು ಬಂದಿರುವುದು ಇದರಿಂದಲೇ.

ಅರ್ಥ ಹೊರಳಿದ್ದು ಇಲ್ಲಿ. ಗುಂಡಿನ ಪಿಂಗ್ ಆಗಿ ಮುಗಿದ ಸಂಗತಿ. ಸೋನಾರಿನ ಪಿಂಗ್ ಉತ್ತರಕ್ಕೆ ಕಾದು ಕೂತಿರುವಂಥದ್ದು.

ಜಾಲದಲ್ಲಿ

ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಸೇನೆಯ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿ ಎಂಬ ಪ್ರಯೋಗಾಲಯವಿತ್ತು. 1983ರ ಡಿಸೆಂಬರ್‌ನಲ್ಲಿ ಅಲ್ಲಿನ ಮೈಕ್ ಮೂಸ್ ಅವರ ಜಾಲ ಕೈಕೊಟ್ಟಿತ್ತು. ಯಾವ ಯಂತ್ರ ತಲುಪುತ್ತಿದೆ, ಯಾವುದು ತಲುಪುತ್ತಿಲ್ಲ ಎಂದು ನೋಡಲು ಅವರು ಒಂದು ಸಣ್ಣ ಪ್ರೋಗ್ರಾಂ ಬರೆದರು. ಬೇಕಾದ ಸಲಕರಣೆ ಆಗಲೇ ಇತ್ತು: 1981ರ ಸೆಪ್ಟೆಂಬರ್‌ನಲ್ಲಿ ಜಾನ್ ಪೋಸ್ಟೆಲ್ ಬರೆದ ಆರ್‌ಎಫ್‌ಸಿ 792 ಎಂಬ ದಸ್ತಾವೇಜು ಐಸಿಎಂಪಿ ಎಂಬ ನಿಯಮಾವಳಿಯಲ್ಲಿ "ಮಾರ್ದನಿ ಕೋರಿಕೆ" ಮತ್ತು "ಮಾರ್ದನಿ ಉತ್ತರ" ಎಂಬ ಎರಡು ಸಂದೇಶಗಳನ್ನು ಗೊತ್ತುಮಾಡಿತ್ತು. ಡೇವಿಡ್ ಮಿಲ್ಸ್ ಎಂಬ ಜಾಲತಜ್ಞರು ಇವನ್ನು ಸಮಯ ಅಳೆಯಲು ಬಳಸುತ್ತಿದ್ದುದನ್ನು ಮೂಸ್ ಆ ವರ್ಷದ ಜುಲೈನಲ್ಲಿ ನಾರ್ವೆಯ ಸಭೆಯೊಂದರಲ್ಲಿ ಕೇಳಿದ್ದರು. ಕಾಲೇಜಿನ ದಿನಗಳಲ್ಲಿ ಅವರು ಸೋನಾರ್ ಮತ್ತು ರೇಡಾರ್‌ಗಳ ಗಣಿತದ ಮೇಲೆ ಕೆಲಸ ಮಾಡಿದ್ದವರು. ಕಳಿಸು, ಕಾಯಿ, ಮರಳಿದರೆ ಹೊತ್ತು ಬರೆದುಕೋ ಎಂಬ ಕೆಲಸಕ್ಕೆ ಸೋನಾರಿನ ಹೆಸರನ್ನೇ ಇಟ್ಟರು.

ಆಮೇಲೆ ಮಿಲ್ಸ್ ಆ ನಾಲ್ಕು ಅಕ್ಷರಗಳಿಗೆ ಪ್ಯಾಕೆಟ್ ಇಂಟರ್ನೆಟ್ ಗ್ರೋಪರ್ ಎಂಬ ವಿಸ್ತರಣೆ ಹೊಸೆದರು. ಪಠ್ಯಪುಸ್ತಕಗಳೂ ಕೆಲಸದ ಸಂದರ್ಶನಗಳೂ ಇದನ್ನು ಮೂಲವೆಂದೇ ಹೇಳಿಕೊಡುತ್ತವೆ. ಬೇಗೂರಿನ ಒಂಬತ್ತನೆಯ ಶತಮಾನದ ಶಾಸನದಲ್ಲೇ ಬೆಂಗಳೂರು ಎಂಬ ಹೆಸರಿದ್ದರೂ ಬೆಂದಕಾಳೂರಿನ ಕಥೆ ಸಾಯದಂತೆ, ಇದೂ ಸಾಯುವುದಿಲ್ಲ. ಹೆಸರು ಸೋನಾರಿನ ಸದ್ದಿನಿಂದ ಬಂತೆಂದು ಮೂಸ್ ತಾವೇ ಸ್ಪಷ್ಟವಾಗಿ ಬರೆದಿದ್ದಾರೆ. ಅವರು 2000ದ ನವೆಂಬರ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಅವರಿಗೆ ಬಲು ಇಷ್ಟವಾಗಿದ್ದ ಒಂದು ಪ್ರಸಂಗವಿದೆ. ಯಾವುದೋ ಕಚೇರಿಯ ಕೇಬಲ್ಲಿನಲ್ಲಿ ಎಲ್ಲೋ ಸಡಿಲ. ಜಾಲ ಆಗಾಗ ಕಡಿದುಹೋಗುತ್ತಿತ್ತು. ಅಲ್ಲಿನ ನಿರ್ವಾಹಕ ಪಿಂಗ್‌ನ ಪ್ರತಿ ಉತ್ತರಕ್ಕೂ ಕಂಪ್ಯೂಟರ್ ಬಾಯಿಬಿಟ್ಟು "ಪಿಂಗ್" ಎನ್ನುವಂತೆ ಧ್ವನಿಯಂತ್ರಕ್ಕೆ ಜೋಡಿಸಿ, ಅದನ್ನು ಸ್ಟೀರಿಯೋಗೆ ಸಿಕ್ಕಿಸಿ, ವಾಲ್ಯೂಮ್ ಏರಿಸಿದ. ಪಿಂಗ್, ಪಿಂಗ್, ಪಿಂಗ್ ಎಂದು ಕಟ್ಟಡವೆಲ್ಲ ಮೊಳಗುತ್ತಿರಲು, ಕೋಣೆಯಿಂದ ಕೋಣೆಗೆ ಹೋಗಿ ಒಂದೊಂದೇ ಕನೆಕ್ಟರ್ ಅಲ್ಲಾಡಿಸುತ್ತ ಬಂದ. ಎಲ್ಲಿ ಸದ್ದು ನಿಂತಿತೋ ಅಲ್ಲಿತ್ತು ದೋಷ. ಪದ ಸದ್ದಿಲ್ಲದ ಆಜ್ಞೆಯಾದ ಮೇಲೆ ಅದಕ್ಕೆ ಮತ್ತೆ ಸದ್ದು ಕೊಟ್ಟು ದುಡಿಸಿಕೊಂಡ ನಿದರ್ಶನ ಇದೊಂದೇ ಇರಬೇಕೇನೋ.

ಇಂದಿಗೂ ಇಂಟರ್ನೆಟ್ ನಿಂತಾಗ ತಂತ್ರಜ್ಞರು ಮೊದಲು ಟೈಪಿಸುವುದು ಈ ಪದವನ್ನೇ. ವಿಂಡೋಸ್‌ನಲ್ಲಿ ಅದು ನಾಲ್ಕು ಸಲ ಕರೆದು ಸುಮ್ಮನಾಗುತ್ತದೆ. ಲಿನಕ್ಸ್‌ನಲ್ಲಿ ನಿಲ್ಲಿಸು ಎನ್ನುವವರೆಗೂ ಕರೆಯುತ್ತಲೇ ಇರುತ್ತದೆ. 127.0.0.1 ಎಂಬ ವಿಳಾಸಕ್ಕೆ ಕರೆದರೆ ಯಂತ್ರ ತನ್ನನ್ನು ತಾನೇ ಕರೆದುಕೊಂಡು ತಾನೇ ಉತ್ತರಿಸುತ್ತದೆ. ಉತ್ತರ ಬರುವ ಹೊತ್ತನ್ನು ಮಿಲಿಸೆಕೆಂಡುಗಳಲ್ಲಿ ಅಳೆಯುತ್ತಾರೆ. ಗಾಜಿನ ತಂತಿಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಆದ್ದರಿಂದ 14,000 ಕಿಲೋಮೀಟರ್ ದೂರದ ಯಂತ್ರ ಎಷ್ಟೇ ಚುರುಕಾಗಿದ್ದರೂ 140 ಮಿಲಿಸೆಕೆಂಡಿಗಿಂತ ಮೊದಲು ಓಗೊಡಲಾರದು. ಆನ್‌ಲೈನ್ ಆಟವಾಡುವ ಹುಡುಗರು "ಪಿಂಗ್ ಜಾಸ್ತಿ ಆಗಿದೆ" ಎಂದು ಗೊಣಗುವುದು ಈ ಅಂಕಿಗೇ. ಸದ್ದಾಗಿದ್ದದ್ದು ಇಲ್ಲಿ ಅಳತೆಯಾಗಿದೆ. ಉತ್ತರ ಬರಲಿಲ್ಲವೆಂದರೆ ಯಂತ್ರ ಸತ್ತಿದೆ ಎಂದೇನೂ ಅಲ್ಲ. ಅಪರಿಚಿತರ ಪಿಂಗ್‌ಗೆ ಬಾಯಿಬಿಡಬೇಡ ಎಂದು ಬಹಳ ಕಡೆ ಫೈರ್‌ವಾಲ್‌ಗೆ ಹೇಳಿರುತ್ತಾರೆ. ಅದಕ್ಕೊಂದು ಹಿನ್ನೆಲೆಯಿದೆ. 65,535 ಬೈಟ್‌ಗಳ ಮಿತಿ ಮೀರಿದ ಪಿಂಗನ್ನು ಚೂರುಚೂರಾಗಿ ಕಳಿಸಿದರೆ, ಅದನ್ನು ಜೋಡಿಸಹೊರಟ ಯಂತ್ರವೇ ಕುಸಿದು ಬೀಳುತ್ತದೆಂದು 1996ರ ಸುಮಾರಿಗೆ ಬಯಲಾಗಿತ್ತು. ಆ ದಾಳಿಯನ್ನು ಸಾವಿನ ಪಿಂಗ್ ಎಂದೇ ಕರೆದರು.

ಇತರ ಬಳಕೆಗಳು

ಎರಡನೆಯ ಮಹಾಯುದ್ಧದ ಅಮೆರಿಕನ್ ಎಂ1 ಗ್ಯಾರಂಡ್ ರೈಫಲ್ ಎಂಟನೆಯ ಗುಂಡು ಹಾರಿದೊಡನೆ ಖಾಲಿ ಕ್ಲಿಪ್ಪನ್ನು ಪಿಂಗ್ ಎಂದು ಉಗುಳುತ್ತಿತ್ತು. ಶತ್ರುಗಳು ಆ ಸದ್ದಿಗೇ ಕಾಯುತ್ತಿದ್ದರೆಂಬ ಕಥೆ ಜನಪ್ರಿಯ. ಯುದ್ಧಭೂಮಿಯ ಗದ್ದಲದಲ್ಲಿ ಅದು ನಂಬುವಂತಿಲ್ಲ. ಪೆಟ್ರೋಲ್ ಅಕಾಲದಲ್ಲಿ ಹೊತ್ತಿಕೊಂಡು ಎಂಜಿನ್ ಕುಟ್ಟುವುದಕ್ಕೂ ಅಮೆರಿಕದಲ್ಲಿ ಪಿಂಗ್ ಎನ್ನುತ್ತಾರೆ. ನಮ್ಮ ಮೆಕ್ಯಾನಿಕ್‌ಗಳಿಗೆ ಅದು ನಾಕಿಂಗ್. ಡಾಲ್ಫಿನ್‌ಗಳು ಮೀನುಬಲೆಗೆ ಸಿಗದಂತೆ ಎಚ್ಚರಿಸುವ ಸಾಧನ ಪಿಂಗರ್.

ನಾರ್ವೆಯಲ್ಲಿ ಹುಟ್ಟಿದ ಎಂಜಿನಿಯರ್ ಕಾರ್ಸ್ಟನ್ ಸೋಲ್‌ಹೈಮ್ ಕ್ಯಾಲಿಫೋರ್ನಿಯಾದ ತಮ್ಮ ಗ್ಯಾರೇಜಿನಲ್ಲಿ 1959ರಲ್ಲಿ ಮಾಡಿದ ಗಾಲ್ಫ್ ಪಟರ್ ಚೆಂಡಿಗೆ ತಾಗಿದಾಗ ಪಿಂಗ್ ಎನ್ನುತ್ತಿತ್ತು. ಕಂಪನಿಗೂ ಅದೇ ಹೆಸರಾಯಿತು. 1966ರಲ್ಲಿ ಬಂದ ಅವರ ಪ್ರಸಿದ್ಧ ಪಟರ್‌ಗೆ ಹೆಂಡತಿ ಲೂಯಿಸ್ ಸೂಚಿಸಿದ ಹೆಸರು "ಉತ್ತರ" ಎಂಬ ಅರ್ಥದ ಆನ್ಸರ್. ಕೋಲಿನ ಮೇಲೆ ಜಾಗ ಸಾಲದೆ ಇಂಗ್ಲಿಷ್ ಕಾಗುಣಿತದಲ್ಲಿ ಒಂದಕ್ಷರ ಕಳಚಿದರು. ಪಿಂಗ್‌ಗೆ ಉತ್ತರ ಸಿಕ್ಕಿದ್ದು ಇಲ್ಲಿ, ಅದೂ ಕಾಕತಾಳೀಯವಾಗಿ.

2014ರ ಮಾರ್ಚ್ 8ರಂದು 239 ಜನರನ್ನು ಹೊತ್ತ ಮಲೇಷ್ಯಾದ ಎಂಎಚ್370 ವಿಮಾನ ಕಣ್ಮರೆಯಾದ ಮೇಲೆ ಈ ಪದ ಜಗತ್ತಿನ ಸುದ್ದಿಮನೆಗಳಲ್ಲೆಲ್ಲ ಓಡಾಡಿತು. ರೇಡಿಯೋ ಸಂಪರ್ಕ ನಿಂತ ಮೇಲೂ ಇನ್ಮಾರ್‌ಸ್ಯಾಟ್ ಉಪಗ್ರಹ ಗಂಟೆಗೊಮ್ಮೆ "ಇದ್ದೀಯಾ?" ಎಂದು ಕೇಳುತ್ತಿತ್ತು, ವಿಮಾನದ ಉಪಕರಣ "ಇದ್ದೇನೆ" ಎನ್ನುತ್ತಿತ್ತು. ಈ ವಿನಿಮಯದಲ್ಲಿ ಸ್ಥಳದ ಮಾಹಿತಿ ಇರಲಿಲ್ಲ. ಆದರೂ ಉತ್ತರ ತಡವಾದ ಪ್ರಮಾಣದಿಂದ ಉಪಗ್ರಹಕ್ಕೂ ವಿಮಾನಕ್ಕೂ ಇದ್ದ ದೂರವನ್ನು, ಕಂಪನಾಂಕದ ಅಲ್ಪ ವ್ಯತ್ಯಾಸದಿಂದ ಅದು ದಕ್ಷಿಣಕ್ಕೆ ಹೋಗಿತ್ತೆಂಬುದನ್ನು ಲೆಕ್ಕ ಹಾಕಿದರು. ಕೊನೆಯ ಸಂಕೇತ ಮಲೇಷ್ಯಾದ ಬೆಳಗ್ಗೆ 8.19ಕ್ಕೆ. ಸಮುದ್ರದಡಿ ಕಪ್ಪುಪೆಟ್ಟಿಗೆ ಹೊರಡಿಸಬೇಕಿದ್ದ 37.5 ಕಿಲೋಹರ್ಟ್ಸ್‌ನ ಇನ್ನೊಂದು ಬಗೆಯ ಪಿಂಗ್‌ಗಾಗಿ ಹಡಗುಗಳು ಕಿವಿಗೊಟ್ಟು ಅಲೆದವು. ಅದರ ಬ್ಯಾಟರಿಯ ಖಾತರಿ 30 ದಿನ.

ಬ್ರಿಟನ್ನಿನಲ್ಲಿ 2021ರ ಜುಲೈನಲ್ಲಿ ಕೋವಿಡ್ ಆ್ಯಪ್ ಒಂದೇ ವಾರದಲ್ಲಿ 6 ಲಕ್ಷಕ್ಕೂ ಹೆಚ್ಚು ಫೋನುಗಳಿಗೆ ಎಚ್ಚರಿಕೆ ಕಳಿಸಿ ಜನರನ್ನು ಮನೆಯಲ್ಲಿ ಕೂರಿಸಿತು. ಅಂಗಡಿಗಳಲ್ಲಿ ಆಳುಗಳಿಲ್ಲದ ಆ ಸ್ಥಿತಿಗೆ ಪತ್ರಿಕೆಗಳು ಪಿಂಗ್‌ಡೆಮಿಕ್ ಎಂದವು.

ಕನ್ನಡದಲ್ಲಿ

ಪಿಂಗ್ ಕನ್ನಡಕ್ಕೆ ಬಂದದ್ದು ಸಾಫ್ಟ್‌ವೇರ್ ಕಚೇರಿಗಳ ದಾರಿಯಲ್ಲಿ. ಬ್ಲ್ಯಾಕ್‌ಬೆರಿ ಫೋನಿನಲ್ಲಿ ಎದುರಿನವರ ಫೋನು ಗಡಗಡ ನಡುಗುವಂತೆ ಮಾಡುವ ಪಿಂಗ್ ಎಂಬ ಸೌಲಭ್ಯವೇ ಇತ್ತು. ಕಚೇರಿಯ ಚಾಟ್‌ಗಳು ಉಳಿದ ಕೆಲಸ ಮುಗಿಸಿದವು. "ಫ್ರೀ ಆದಾಗ ಪಿಂಗ್ ಮಾಡಿ ಸರ್", "ನಿನ್ನೆನೇ ಪಿಂಗ್ ಮಾಡಿದ್ದೆ ಕಣೋ, ರಿಪ್ಲೈನೇ ಇಲ್ಲ" ಎನ್ನುವಲ್ಲಿ ಕ್ರಿಯಾಪದವನ್ನು ಗಮನಿಸಬೇಕು. ಕನ್ನಡ ವ್ಯಾಕರಣ ಅನುಕರಣಾವ್ಯಯ ಎಂದು ಕರೆಯುವ ಸದ್ದಿನ ಪದಗಳೆಲ್ಲ "ಎನ್ನು" ಎಂಬ ಧಾತುವಿನ ಕೈಹಿಡಿದು ನಡೆಯುತ್ತವೆ: ಗಂಟೆ ಠಣ್ ಎಂದಿತು, ಬಾಗಿಲು ಧಡ್ ಎಂದಿತು, ಲೋಟ ಟಣ್ಣನೆ ಬಿತ್ತು. ಅದೇ ನಿಯಮದಲ್ಲಿ ಫೋನು "ಪಿಂಗ್ ಅಂತು" ಎನ್ನಬಹುದು, ಎನ್ನುತ್ತೇವೆ ಕೂಡ. ಮನುಷ್ಯರು ಮಾತ್ರ ಪಿಂಗ್ ಎನ್ನುವುದಿಲ್ಲ, ಪಿಂಗ್ ಮಾಡುತ್ತಾರೆ. ಫೋನ್ ಮಾಡು, ಮೇಲ್ ಮಾಡು ಎಂಬವುಗಳ ಸಾಲಿಗೆ ಅದು ಸೇರಿದೆ. ಇಂಗ್ಲಿಷಿನಲ್ಲಿ ಒಂದೇ ರೂಪದಲ್ಲಿ ಅಡಗಿರುವ ಎರಡು ಅರ್ಥಗಳನ್ನು ಕನ್ನಡ "ಅನ್ನು", "ಮಾಡು" ಎಂಬ ಎರಡು ಧಾತುಗಳಿಂದ ಸಲೀಸಾಗಿ ಬೇರೆ ಮಾಡಿಟ್ಟಿದೆ.

ಪದ ಹೊಸದಾದರೂ ಪದ್ಧತಿ ಹೊಸದಲ್ಲ. ಕಾಲ್ ದರ ದುಬಾರಿಯಾಗಿದ್ದ ದಿನಗಳಲ್ಲಿ "ಬಸ್ ಸ್ಟ್ಯಾಂಡಿಗೆ ಬಂದು ಒಂದು ಮಿಸ್ಡ್ ಕಾಲ್ ಕೊಡು" ಎನ್ನುತ್ತಿದ್ದುದು ಶುದ್ಧ ಪಿಂಗ್: ಒಳಗೆ ಮಾತಿಲ್ಲ, ಕಾಸಿಲ್ಲ, ಇದ್ದೇನೆ ಎಂಬುದಷ್ಟೇ ಸಂದೇಶ. ಇನ್ನೂ ಹಿಂದಕ್ಕೆ ಹೋದರೆ, ಮಲೆನಾಡಿನಲ್ಲಿ ಗುಡ್ಡದ ಈಚೆ ನಿಂತವರು ಆಚೆ ತೋಟದಲ್ಲಿದ್ದವರಿಗೆ ಹೆಸರು ಹಿಡಿದು ಕರೆಯದೆ ಕೂ ಹಾಕುತ್ತಾರೆ. ಸ್ವಲ್ಪ ಹೊತ್ತು ಕಾಯುತ್ತಾರೆ. ಆಚೆಯಿಂದ ಓ ಎಂದು ಬಂದರೆ ಊಟಕ್ಕೆ ಬರುತ್ತಾರೆಂದು ಅರ್ಥ. ಆ ಉತ್ತರಕ್ಕೆ ಕನ್ನಡದಲ್ಲಿ ಓಗೊಡು ಎಂಬ ಕ್ರಿಯಾಪದವೇ ಇದೆ. ಅದೂ ಸದ್ದಿನಿಂದಲೇ ಹುಟ್ಟಿದ್ದು.